ಸೊಪ್ಪಿಲ್ಲದ ತಿಂಗಳಲ್ಲಿ ಅಕ್ಕನ ರಕ್ತ

ಅಕ್ಕ ಈಳಿಗೆ ಮಣೆಯ ಮುಂದೆ ಕೂತು ಮಾವಿನಕಾಯಿ ಹೆಚ್ಚುತ್ತಿದ್ದಾಗ ಹೆಬ್ಬೆರಳು ಕೊಯ್ದುಕೊಂಡರು. ದೊಡ್ಡ ಗಾಯವೇನಲ್ಲ. ಅಡುಗೆಮನೆಯಲ್ಲೇ ಆಯುಸ್ಸು ಕಳೆದ ಹೆಂಗಸರ ಬೆರಳುಗಳಲ್ಲಿ ಅಂಥ ಗೆರೆಗಳನ್ನು ಯಾರೂ ಎಣಿಸುವುದಿಲ್ಲ.

“ಒಂದ್ಚೂರು ಕಾಫಿಪುಡಿ ತಗೊಂಬಾರೇ” ಎಂದು ಕೂತಲ್ಲಿಂದಲೇ ಕೂಗಿದರು.

ಅವರು ಮಡಿಯಲ್ಲಿದ್ದರು. ನಾನು ಡಬ್ಬಿ ಹಿಡಿದು ಹೊಸಿಲಿನ ಈಚೆ ನಿಂತೆ. ಅವರು ಎದ್ದುಬಂದು ಕೈ ಚಾಚಿ, “ಮುಟ್ಟಬೇಡ, ಮೇಲಿಂದ ಉದುರಿಸು” ಎಂದರು. ಉದುರಿಸಿದೆ. ಪುಡಿ ಮೊದಲು ತೇಲಿತು, ಆಮೇಲೆ ನೆನೆದು ಕೆಸರಾಗಿ ಕೂತಿತು. ರಕ್ತ ನಿಂತ ಹಾಗೆ ಕಂಡಿತು. ಅಕ್ಕ ಕಲೆ ತಗುಲಿದ ಹೋಳುಗಳನ್ನು ಎಸೆದು ಇನ್ನೊಂದು ಕಾಯಿ ತೆಗೆದುಕೊಂಡರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆ ಅವರ ಕಡೆ ಕೈತೋರಿಸಿ “ಇವಳನ್ನ ಅಕ್ಕ ಅನ್ನು” ಎಂದಿದ್ದರು. ಅವತ್ತಿಂದ ಹಾಗೇ ಕರೆಯುತ್ತಿದ್ದೇನೆ. ಅಣ್ಣತಮ್ಮ ಇಬ್ಬರೂ ಸೇರಿ ವಿದ್ಯಾರಣ್ಯಪುರಂನಲ್ಲಿ ಈ ಮನೆ ಕಟ್ಟಿಸಿದರು, ಕೆಳಗೆ ಒಬ್ಬರು, ಮೇಲೆ ಒಬ್ಬರು. ಈಗ ಇಬ್ಬರೂ ಇಲ್ಲ. ಮಹಡಿಯ ಮೇಲೆ ನನ್ನ ಮಗ ಮತ್ತು ಸೊಸೆ. ಕೆಳಗೆ, ಮೆಟ್ಟಿಲು ಹತ್ತುವ ಮಂಡಿ ಇಲ್ಲದ ನಾವಿಬ್ಬರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ರೈಲ್ವೆಯಲ್ಲಿದ್ದ ನನ್ನ ತಂದೆಗೆ ಮಡಿ, ವ್ರತ ಇವೆಲ್ಲ ಅಷ್ಟಕ್ಕಷ್ಟೇ. ಅಕ್ಕ ನನ್ನನ್ನು “ನಮ್ಮ ಮೇಡಮ್ಮೋರು” ಎಂದು ಆಡಿಕೊಳ್ಳುತ್ತಾ ಬಂದವರು. ಮನೆಗೆ ಬರುವ ಇಂಗ್ಲಿಷ್ ಕಾಗದ, ಔಷಧಿಯ ಪೊಟ್ಟಣ, ಡಾಕ್ಟರ ಬರಹ, ಎಲ್ಲವೂ ನನ್ನ ಡಿಪಾರ್ಟ್‌ಮೆಂಟ್. ಮಡಿ, ತಿಥಿ, ಅಡುಗೆ ಅವರದು. ಈ ಏರ್ಪಾಡಿನಲ್ಲಿ ನಮ್ಮಿಬ್ಬರಿಗೂ ಒಂದು ನೆಮ್ಮದಿ ಇತ್ತು.

ಕಾಫಿಪುಡಿ ಹಾಕಿ ಅರ್ಧ ಗಂಟೆ ಆಗಿರಬೇಕು. ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಅಕ್ಕ ಒದ್ದೆ ಸೀರೆಯ ಸೆರಗಿನಲ್ಲಿ ಕೈ ಸುತ್ತಿಕೊಂಡು ಬಂದು ನಿಂತರು. ಬಿಳಿಯ ಸೆರಗು ಕೆಂಪಗಾಗಿತ್ತು.

“ಏನೇ ಇದು, ನಿಲ್ತಾನೇ ಇಲ್ವಲ್ಲೇ?”

ಮುಖದಲ್ಲಿ ಹೆದರಿಕೆ ಇರಲಿಲ್ಲ. ಮುಚ್ಚಿದ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ ಎಂದು ದೂರು ಹೇಳಲು ಬಂದವರ ಹಾಗಿದ್ದರು. ನಾನು ಮಡಿಯನ್ನೂ ಲೆಕ್ಕಿಸದೆ ಕೈ ಹಿಡಿದುಕೊಂಡೆ. ಅವರೂ ಬೇಡ ಅನ್ನಲಿಲ್ಲ. ಆಗಲೇ ನನಗೆ ಭಯವಾದದ್ದು.

ಸೀರೆ ಸರಿದಾಗ ಮುಂಗೈಯ ಮೇಲೆ ನೇರಳೆಹಣ್ಣು ಹಿಸುಕಿದಂಥ ಒಂದು ದೊಡ್ಡ ಕಲೆ ಕಂಡಿತು.

“ಇದೇನಕ್ಕ?”

“ಒರಳಿಗೆ ತಗುಲಿತ್ತೋ ಏನೋ. ಮೊನ್ನೆಯಿಂದ ಇದೆ. ಬೆಳಗ್ಗೆ ಬಾಯಿ ಮುಕ್ಕಳಿಸಿದ್ರೂ ಕೆಂಪಗೆ ಬರತ್ತೆ. ವಸಡಿಗೂ ವಯಸ್ಸಾಯ್ತು, ನನ್ನ ಹಾಗೇ.”

ಅಕ್ಕನ ಎದೆಯೊಳಗೆ ಒಂದು ಲೋಹದ ವಾಲ್ವ್ ಇದೆ. ಚಿಕ್ಕಂದಿನಲ್ಲಿ ಕೀಲುಕೀಲಿಗೆ ನೋವು ತಂದ ಯಾವುದೋ ಜ್ವರ ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ನಡುವಯಸ್ಸು ದಾಟಿದ ಮೇಲೆ ಎದೆ ತೆರೆದು ಅದನ್ನು ಬದಲಾಯಿಸಿದರು. ಮನೆ ನಿಶ್ಶಬ್ದವಾಗಿದ್ದರೆ, ಪಕ್ಕದಲ್ಲಿ ಕೂತವರಿಗೆ ಅದರ ಸದ್ದು ಕೇಳುತ್ತದೆ: ಟಿಕ್, ಟಿಕ್, ಕೈಗಡಿಯಾರದ ಹಾಗೆ. “ನಮ್ಮನೇಲಿ ಗೋಡೆ ಗಡಿಯಾರ ದಂಡ” ಎಂದು ಭಾವನವರು ತಮಾಷೆ ಮಾಡುತ್ತಿದ್ದರು.

ರಕ್ತಕ್ಕೆ ಲೋಹ ಕಂಡರೆ ಆಗುವುದಿಲ್ಲ. ಗಾಯ ಎಂದು ತಿಳಿದು ಅಲ್ಲಿ ಹೆಪ್ಪುಗಟ್ಟಲು ನೋಡುತ್ತದೆ. ಹಾಗೆ ಹೆಪ್ಪುಗಟ್ಟಿದರೆ ವಾಲ್ವ್ ಅಂಟಿಕೊಳ್ಳುತ್ತದೆ, ಇಲ್ಲವೇ ಚೂರು ಕಳಚಿ ಮಿದುಳಿಗೆ ಹೋಗುತ್ತದೆ. ಅದಕ್ಕೇ ದಿನವೂ ಸಂಜೆ ಒಂದು ಪುಟ್ಟ ಮಾತ್ರೆ. ರಕ್ತ ತೆಳು ಮಾಡುವ ಮಾತ್ರೆ ಎನ್ನುತ್ತಾರೆ. ನಿಜಕ್ಕೂ ರಕ್ತ ನೀರಾಗುವುದಿಲ್ಲ, ಹೆಪ್ಪುಗಟ್ಟುವ ಅದರ ಚುರುಕು ಕಡಿಮೆಯಾಗುತ್ತದೆ, ಅಷ್ಟೇ. ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ, ರಕ್ತ ಹೆಪ್ಪುಗಟ್ಟಲು ಎಷ್ಟು ತಡಮಾಡುತ್ತದೆ ಎನ್ನುವ ಒಂದು ನಂಬರ್ ನೋಡಿಸಿಕೊಂಡು ಬರಬೇಕು. ತೀರಾ ಕಡಿಮೆ ಇರಬಾರದು, ತೀರಾ ಹೆಚ್ಚೂ ಇರಬಾರದು. ವರ್ಷಗಳಿಂದ ಅದು ಕದಲಿರಲಿಲ್ಲ. ಡಾಕ್ಟರು “ವೆರಿ ಸ್ಟೇಬಲ್, ಅಮ್ಮ” ಎಂದು ಹೊಗಳಿದಾಗಲೆಲ್ಲ ಅಕ್ಕ ನನ್ನ ಕಡೆ ನೋಡಿ, “ಏನಂತೆ? ಫಸ್ಟ್ ಕ್ಲಾಸಾ?” ಎಂದು ಕೇಳುತ್ತಿದ್ದರು.

ನಮ್ಮ ಕಾನ್ವೆಂಟಿನಲ್ಲಿ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಅವರೇ ಹೊಲಿಗೆಯ ಕ್ಲಾಸನ್ನೂ ತೆಗೆದುಕೊಳ್ಳುತ್ತಿದ್ದರು. ಹೀಗಾಗಿ ರಕ್ತ ಹೆಪ್ಪುಗಟ್ಟುವ ಪಾಠವನ್ನು ಅವರು ಹರಿದ ಕಾಲುಚೀಲ ತೋರಿಸಿ ಮಾಡಿದರು. ಗಾಯವಾದ ಕೂಡಲೇ ರಕ್ತನಾಳ ಮುದುರಿಕೊಳ್ಳುತ್ತದೆ. ಆಮೇಲೆ ಪ್ಲೇಟ್‌ಲೆಟ್ ಎಂಬ ಚೂರುಗಳು ಓಡಿಬಂದು ತೂತಿಗೆ ಒಂದರ ಮೇಲೊಂದು ಬಿದ್ದು ಅಂಟಿಕೊಳ್ಳುತ್ತವೆ. “ದಿಸ್ ಈಸ್ ಓನ್ಲಿ ಯುವರ್ ಫಿಂಗರ್, ಗರ್ಲ್ಸ್, ಹೋಲ್ಡಿಂಗ್ ದ ಹೋಲ್” ಎಂದು ಸಿಸ್ಟರ್ ಕಾಲುಚೀಲದ ತೂತನ್ನು ಬೆರಳಿನಿಂದ ಮುಚ್ಚಿ ತೋರಿಸಿದರು. ಬೆರಳು ಎಷ್ಟು ಹೊತ್ತು ಹಿಡಿದಿರಲು ಸಾಧ್ಯ? ಅಷ್ಟರಲ್ಲಿ ಫೈಬ್ರಿನ್ ಎಂಬ ದಾರ ಬರಬೇಕು. ಅಡ್ಡ, ಉದ್ದ, ಮತ್ತೆ ಅಡ್ಡ. ಡಾರ್ನಿಂಗ್. ಆ ನೇಯ್ಗೆ ಬಿದ್ದ ಮೇಲೇ ಬೆರಳು ತೆಗೆಯಬಹುದು. ಅವರು ಡಾರ್ನ್ ಮಾಡಿದ ಜಾಗ ಎಷ್ಟು ನಯವಾಗಿರುತ್ತಿತ್ತೆಂದರೆ ಹರಿದದ್ದೆಲ್ಲಿ ಎಂದು ಹುಡುಕಬೇಕಾಗುತ್ತಿತ್ತು.

ಅಕ್ಕನ ಬೆರಳನ್ನು ಹತ್ತಿಬಟ್ಟೆಯಲ್ಲಿ ಅದುಮಿ ಹಿಡಿದು ಕೂತಾಗ ನನಗೆ ಆ ಕಾಲುಚೀಲವೇ ಕಣ್ಣಮುಂದೆ. ಬೆರಳು ಹಿಡಿದಿದೆ, ದಾರ ಬರುತ್ತಿಲ್ಲ. ಅದಕ್ಕೇ ಮೊದಲು ನಿಂತಂತಾಗಿ ಮತ್ತೆ ಬಿಚ್ಚಿಕೊಂಡಿದೆ. ಎಷ್ಟು ಅದುಮಿದರೂ ಬಟ್ಟೆ ನೆನೆಯುತ್ತಲೇ ಇತ್ತು. ಎಲ್ಲ ಗೊತ್ತಿತ್ತು, ಏನೂ ಮಾಡಲಾಗುತ್ತಿರಲಿಲ್ಲ.

ಮಗನಿಗೆ ಫೋನ್ ಮಾಡಿದೆ. ಬ್ಯಾಂಕಿನಿಂದ ಬಂದವನು ದೊಡ್ಡಮ್ಮನ ಕೈ ನೋಡಿದ ಕೂಡಲೇ ಕಾರು ಹಿಂದಕ್ಕೆ ತೆಗೆದ. ಅಕ್ಕ ಹೊರಡುವ ಮುಂಚೆ ಒಲೆಯ ಮೇಲಿದ್ದ ಹೆಸರುಬೇಳೆ ತೊವ್ವೆಯನ್ನು ಮುಚ್ಚಿಟ್ಟು, “ಬಂದು ಊಟ ಮಾಡ್ತೀನಿ, ಯಾರೂ ಮುಟ್ಟಬೇಡಿ” ಎಂದರು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಗಾಯ ತೊಳೆದ ನರ್ಸ್ ನಮ್ಮ ಕಡೆ ಹಳ್ಳಿಯ ಹುಡುಗಿ, ಬಾಯಿ ಜೋರು.

“ಯಾರಜ್ಜಿ ಬೆರಳಲ್ಲಿ ಕಾಫಿ ಕಾಸಿರೋರು? ಹಾಲು, ಸಕ್ಕರೆ ಎರಡೇ ಕಮ್ಮಿ ನೋಡಿ.”

“ಇವಳೇ ಕಣಮ್ಮ” ಎಂದು ಅಕ್ಕ ನನ್ನನ್ನು ತೋರಿಸಿದರು. “ಇಂಗ್ಲಿಷ್ ಓದಿದೋಳು.”

ರಕ್ತ ಪರೀಕ್ಷೆಗೆ ಹೋಯಿತು. ಬಂದ ನಂಬರ್ ನೋಡಿ ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು. ಅವರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮೆಲ್ಲಗೆ. ಅಕ್ಕನ ನಂಬರ್ ಇರಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಮೇಲೆ ಹೋಗಿತ್ತು.

“ಮಾತ್ರೆ ಏನಾದ್ರೂ ಎರಡೆರಡು ತಗೊಂಡ್ರಾ?”

“ಇಲ್ಲ. ನಾನೇ ಕೊಡೋದು” ಎಂದೆ.

“ಆ್ಯಂಟಿಬಯಾಟಿಕ್? ನೋವಿನ ಮಾತ್ರೆ? ನಾಟಿ ಔಷಧಿ?”

“ಏನೂ ಇಲ್ಲ.”

“ಊಟ ತಿಂಡಿ ಸರಿಯಾಗಿ ಮಾಡ್ತಿದಾರಾ?”

“ಮಾಡ್ತಾರೆ. ಆದ್ರೆ ಈ ತಿಂಗಳು ಶಾಕವ್ರತ. ವೆಜಿಟೆಬಲ್ಸ್ ತಿನ್ನಲ್ಲ.”

“ಅಂದ್ರೆ ಯಾವ್ದನ್ನ ತಿನ್ನಲ್ಲ?”

“ಯಾವ್ದನ್ನೂ ತಿನ್ನಲ್ಲ. ಮಾವಿನಕಾಯಿ ಒಂದು ಬಿಟ್ಟು. ಸೊಪ್ಪಂತೂ...”

ಡಾಕ್ಟರ್ ಪೆನ್ನು ಕೆಳಗಿಟ್ಟರು.

ಶಾಕವ್ರತದ ಮಾತು ಹೇಳಬೇಕು. ಆಷಾಢದ ಏಕಾದಶಿಯಿಂದ ಶ್ರಾವಣದ ಏಕಾದಶಿಯವರೆಗೆ ನಮ್ಮವರು ತರಕಾರಿ, ಸೊಪ್ಪು ಬಿಡುತ್ತಾರೆ. ಹುಣಸೆಹಣ್ಣು, ಮೆಣಸಿನಕಾಯಿ, ಸಾಸಿವೆಯೂ ಇಲ್ಲ. ಹೆಸರುಬೇಳೆ, ಮೆಣಸು, ಜೀರಿಗೆ, ಮಾವು, ಹಾಲು, ಮೊಸರು, ಅಷ್ಟರಲ್ಲೇ ತಿಂಗಳು ಕಳೆಯಬೇಕು. ಅತ್ತೆ ಇರುವಷ್ಟು ದಿನ ಮಾಡಿದರು. ಅಕ್ಕನಿಗೂ ಆಸೆ ಇತ್ತು, ಆದರೆ ಭಾವನವರು ಬಿಡಲಿಲ್ಲ. ಅವರಿಗೆ ಸೊಪ್ಪಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಇವತ್ತು ದಂಟಿನ ಹುಳಿ, ನಾಳೆ ಮೆಂತ್ಯದ ಪಲ್ಯ, ನಾಳಿದ್ದು ಹರಿವೆ. ಸೊಪ್ಪಿನವಳು ಬೀದಿಯ ತುದಿಯಲ್ಲಿ ಕೂಗಿದರೆ ಪೇಪರ್ ಬಿಟ್ಟು ಚಪ್ಪಲಿ ಹುಡುಕುವವರು. ಎರಡು ಅಡುಗೆ ಮಾಡಬೇಡ ಎಂದು ಅಕ್ಕನಿಗೂ ಅದನ್ನೇ ತಿನ್ನಿಸಿದರು. ಅವರು ಹೋದ ಮೇಲೂ, ಆ ವರ್ಷವೆಲ್ಲ, ಅಕ್ಕ ಸೊಪ್ಪು ಬಿಡಿಸುತ್ತಲೇ ಇದ್ದರು. ವರ್ಷಾಂತಿಕ ಮುಗಿದ ಮೇಲೆ ಒಂದು ದಿನ ಹೇಳಿದರು: “ಈ ಸಲ ಶಾಕವ್ರತ ಹಿಡೀತೀನಿ ಕಣೇ. ಒಂದಾದ್ರೂ ಪೂರ್ತಿ ಮಾಡಿದೆ ಅಂತ ಆಗ್ಲಿ.”

ನಮಗ್ಯಾರಿಗೂ ಬೇಡ ಅನ್ನಿಸಲಿಲ್ಲ. ಮಾತ್ರೆ ಶುರುವಾದಾಗ ಎಂದೋ ಹೇಳಿದ್ದರು, ಸೊಪ್ಪು ಜಾಸ್ತಿ ಬೇಡ ಎಂದು. ಸೊಪ್ಪು ಹೆಚ್ಚಾದರೆ ಮಾತ್ರೆ ಕೆಲಸ ಮಾಡುವುದಿಲ್ಲವಂತೆ. ಹಾಗಿದ್ದರೆ ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದೇ ಅಲ್ಲವೇ? ಮಗನೂ ಹಾಗೇ ಅಂದ, ಸೊಸೆಯೂ ಹಾಗೇ ಅಂದಳು. ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ, “ಶಾಸ್ತ್ರಾನೂ ಬೇಡ ಅನ್ನತ್ತೆ, ನಿಮ್ಮ ಡಾಕ್ಟರೂ ಬೇಡ ಅಂತಾರೆ. ಅವರು ಮಾಧ್ವರೇ ಇರಬೇಕು, ಕೇಳಿ ನೋಡು” ಎಂದು ನಕ್ಕಿದ್ದರು.

“ಪೂರ್ತಿ ಬಿಡಿ ಅಂತ ಅಲ್ಲಮ್ಮ” ಎಂದು ಡಾಕ್ಟರ್ ನಿಧಾನವಾಗಿ ವಿವರಿಸಿದರು. ರಕ್ತ ಹೆಪ್ಪುಗಟ್ಟುವ ಸಾಮಾನನ್ನು ಲಿವರ್ ತಯಾರಿಸುವುದಕ್ಕೆ ವಿಟಮಿನ್ ಕೆ ಬೇಕು. ಅದು ಹೆಚ್ಚಾಗಿ ಬರುವುದು ಸೊಪ್ಪಿನಿಂದ. ಮಾತ್ರೆ ಅದಕ್ಕೆ ಅಡ್ಡ ನಿಲ್ಲುತ್ತದೆ. ಅಕ್ಕ ದಿನವೂ ತಿನ್ನುತ್ತಿದ್ದ ಸೊಪ್ಪಿಗೆ ಎದುರಾಗಿ ಇಷ್ಟು ಮಾತ್ರೆ ಎಂದು ಅಳತೆ ಕೂತಿತ್ತು. “ಸೊಪ್ಪು ನಿಂತೋಯ್ತು, ಮಾತ್ರೆ ಅಷ್ಟೇ ಇದೆ. ಡಯಟ್ ಯಾವಾಗ್ಲೂ ಒಂದೇ ಥರ ಇರಬೇಕು. ಕನ್ಸಿಸ್ಟೆಂಟ್.”

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ಬೇಳೆಗೆ ತಕ್ಕ ಹಾಗೆ ಹುಳಿ ಹಿಂಡ್ತೀವಿ. ಬೇಳೆ ಹಾಕೋದು ಬಿಟ್ಟು ಹುಳಿ ಅಷ್ಟೇ ಹಿಂಡಿದ್ರೆ ಏನಾಗತ್ತೆ, ಅದಾಗಿದೆ. ಅಷ್ಟೇ ತಾನೇ?”

ಡಾಕ್ಟರಿಗೆ ನಗು ಬಂತು. “ಅಷ್ಟೇ ಅಮ್ಮ.”

ನನಗೆ ನಗು ಬರಲಿಲ್ಲ. ಭಾವನವರ ನಾಲಿಗೆಯ ಚಪಲದ ಮೇಲೆ ಅಕ್ಕನ ಮಾತ್ರೆಯ ಡೋಸ್ ಇಷ್ಟು ವರ್ಷ ನಿಂತಿತ್ತು ಎಂದು ಯೋಚಿಸುತ್ತಾ ಕೂತೆ. ಅವರು ಹೋದ ಮೇಲೂ ಅವರ ಸೊಪ್ಪು ಅಕ್ಕನನ್ನು ಹಿಡಿದಿಟ್ಟಿತ್ತು. ಅಕ್ಕ ಅದನ್ನು ದೇವರಿಗೆ ಬಿಟ್ಟುಕೊಟ್ಟರು.

ತಲೆಯ ಸ್ಕ್ಯಾನ್ ಮಾಡಿಸಿದರು, ಒಳಗೆ ಎಲ್ಲೂ ರಕ್ತ ಸೋರಿರಲಿಲ್ಲ. ಉಸಿರು ಬಿಡುವಷ್ಟರಲ್ಲಿ, ವಾರ್ಡಿಗೆ ಬಂದ ಮೇಲೆ, ಅಕ್ಕನ ಮೂಗಿನಿಂದ ರಕ್ತ ಇಳಿಯತೊಡಗಿತು. ಸುರಿಯಲಿಲ್ಲ. ಸಣ್ಣಗೆ, ಬಿಡದೆ. ನರ್ಸ್ ಮೂಗು ಹಿಸುಕಿ ಹಿಡಿದಳು, ಐಸ್ ಇಟ್ಟಳು, ಬತ್ತಿ ತುರುಕಿದಳು. ಬತ್ತಿಯ ತುದಿಯಲ್ಲಿ ಮತ್ತೆ ಹನಿ ಕೂಡುತ್ತಿತ್ತು. ಅಕ್ಕ ಬಾಯಲ್ಲಿ ಉಸಿರಾಡುತ್ತಾ, ಎದುರಿನ ಗೋಡೆಯನ್ನು ನೋಡುತ್ತಾ ಕೂತಿದ್ದರು. ನಾನು ಟ್ರೇ ಹಿಡಿದುಕೊಂಡಿದ್ದೆ. ನನ್ನಿಂದ ಆದದ್ದು ಅಷ್ಟೇ.

“ಇಂಜೆಕ್ಷನ್ ಕೊಟ್ಟು ನಿಲ್ಲಿಸೋಕಾಗಲ್ವಾ ಡಾಕ್ಟರ್?” ಎಂದು ಮಗ ಕಾರಿಡಾರಿನಲ್ಲಿ ಕೇಳಿದ. ದನಿ ಏರಿತ್ತು.

“ಆಗತ್ತೆ. ವಿಟಮಿನ್ ಕೆ ಜೋರಾಗಿ ಕೊಟ್ರೆ ನಿಲ್ಲತ್ತೆ. ಆದ್ರೆ ರಕ್ತ ಹೆಪ್ಪುಗಟ್ಟೋದು ಬೆರಳಲ್ಲಿ, ಮೂಗಲ್ಲಿ ಮಾತ್ರ ಅಲ್ಲ ಸರ್. ವಾಲ್ವ್ ಮೇಲೂ ಕೂರತ್ತೆ. ಅದು ಜ್ಯಾಮ್ ಆದ್ರೆ ಕಷ್ಟ.”

“ಮತ್ತೇನು ಮಾಡೋದು?”

“ಮಾತ್ರೆ ನಿಲ್ಲಿಸ್ತೀವಿ. ಒಂದು ಸಣ್ಣ ಡೋಸ್ ಬಾಯಿಗೆ ಕೊಡ್ತೀವಿ. ಕಾಯಬೇಕು. ಇಷ್ಟು ಬೇಕು, ಇಷ್ಟಕ್ಕಿಂತ ಹೆಚ್ಚು ಬೇಡ. ಅಷ್ಟು ಕರೆಕ್ಟಾಗಿ ನಿಲ್ಲಿಸೋದು ನಮ್ಮ ಕೈಲೂ ಇಲ್ಲ.”

ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ರಕ್ತ ಹರಿದರೂ ಕಷ್ಟ, ನಿಂತರೂ ಕಷ್ಟ. ಯಾವುದನ್ನು ಬೇಡಿಕೊಳ್ಳಬೇಕು ಎಂದೇ ತಿಳಿಯದೆ ಇಬ್ಬರೂ ನಿಂತಿದ್ದೆವು.

ನರ್ಸ್ ಒಂದು ಪುಟ್ಟ ಆಂಪೂಲ್ ಒಡೆದು, ಒಳಗಿನದನ್ನು ಪ್ಲಾಸ್ಟಿಕ್ ಲೋಟದಲ್ಲಿ ನೀರಿಗೆ ಬೆರೆಸಿ ತಂದಳು. ಅಕ್ಕ ಮೂಗಿನ ಬತ್ತಿಯ ಮೇಲಿಂದ ಲೋಟವನ್ನು ನೋಡಿದರು.

“ಏನಿದು?”

“ವಿಟಮಿನ್ ಅಜ್ಜಿ. ಕುಡ್ದುಬುಡಿ.”

“ಸೊಪ್ಪಲ್ಲಿರತ್ತೆ ಅಂದ್ರಲ್ಲ, ಅದೇನಾ?”

“ಸೊಪ್ಪಲ್ಲ ಬುಡಿ ಅಜ್ಜಿ, ಔಸ್ದಿ. ಫ್ಯಾಕ್ಟ್ರೀಲಿ ಮಾಡಿರದು. ಸೊಪ್ಪಾಗಿದ್ರೆ ಹಸರಿರತಿರಲಿಲ್ವಾ?”

ಅಕ್ಕ ಲೋಟ ಮುಟ್ಟಲಿಲ್ಲ. ಮಗ ಬಂದು ಹಾಸಿಗೆಯ ಪಕ್ಕ ಬಗ್ಗಿದ.

“ದೊಡ್ಡಮ್ಮ, ಔಷಧಿಗೆಲ್ಲ ವ್ರತ ಇರಲ್ಲ. ಯಾವ ಆಚಾರ್ಯರನ್ನ ಬೇಕಾದ್ರೂ ಕೇಳು. ಫೋನ್ ಮಾಡಿ ಕೊಡ್ಲಾ ಈಗಲೇ?”

“ಕೊಡಬೇಡ. ಅವರು ಪರವಾಗಿಲ್ಲ ಅಂತಾರೆ. ನನಗ್ಗೊತ್ತಿಲ್ವಾ?” ಎಂದರು. ಆಮೇಲೆ ನನ್ನ ಕಡೆ ನೋಡಿದರು. “ನೀನು ಹೇಳು. ಓದಿದೀಯ. ಅದೂ ಇದೂ ಒಂದೇನಾ, ಬೇರೇನಾ?”

ಒಂದು ಹನಿ ಬತ್ತಿಯಿಂದ ಕಳಚಿ ಅವರ ಮೇಲ್ದುಟಿಯ ಮೇಲೆ ಬಿತ್ತು. ಒರೆಸಿದೆ. ಬೇರೆ ಎನ್ನುವುದು ಎಷ್ಟು ಸುಲಭವಿತ್ತು. ಮಗ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಆದರೆ ನಾವಿಬ್ಬರೂ ಈ ಮನೆಯಲ್ಲಿ ಬದುಕಿದ್ದೇ ಆ ಒಂದು ಒಪ್ಪಂದದ ಮೇಲೆ. ಅವರು ಇವತ್ತು ಏಕಾದಶಿ ಎಂದರೆ ನಾನು ಪಂಚಾಂಗ ನೋಡುತ್ತಿರಲಿಲ್ಲ. ನಾನು ಪೊಟ್ಟಣದ ಮೇಲಿನದನ್ನು ಓದಿ ಹೇಳಿದರೆ ಅವರು ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ.

“ಒಂದೇ ಅಕ್ಕ” ಎಂದೆ. “ಸೊಪ್ಪಲ್ಲಿ ಇರೋದೇ ಇದು. ಮಾಡಿರೋದು ಬೇರೆ ಕಡೆ, ಅಷ್ಟೇ.”

ಮಗ ಕಿಟಕಿಯ ಕಡೆ ತಿರುಗಿಕೊಂಡ.

ಅಕ್ಕ ಲೋಟದ ಕಡೆ ನೋಡಿದರು. ಎದೆಯ ಟಿಕ್ ಟಿಕ್ ಅವತ್ತು ಚುರುಕಾಗಿತ್ತು. ಆಮೇಲೆ ಗಾಯವಿಲ್ಲದ ಕೈ ಚಾಚಿದರು.

“ತಾ. ವ್ರತ ಬಿಡೋದಾದ್ರೆ ಗೊತ್ತಿದ್ದೇ ಬಿಡಬೇಕು. ಮೋಸ ಹೋಗಿ ಬಿಡಬಾರದು.”

ಒಂದೇ ಗುಟುಕಿಗೆ ಕುಡಿದು ಲೋಟವನ್ನು ಬೋರಲು ಹಾಕಿದರು. “ಸೊಪ್ಪಿನ ರುಚಿ ಮಾತ್ರ ಇಲ್ಲ. ಅವರಾಗಿದ್ರೆ ಉಪ್ಪು ಕಮ್ಮಿ ಅಂತಿದ್ರು” ಎಂದರು. ನರ್ಸ್ ನಕ್ಕಳು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವರ ಹೆಗಲು ಅಲುಗುತ್ತಿದ್ದದ್ದು ನನಗೆ ಮಾತ್ರ ಕಂಡಿತು. ಅವರಮ್ಮ ಮಾಡಿದ್ದ, ಅತ್ತೆ ಮಾಡಿದ್ದ ಒಂದು ತಿಂಗಳು. ಅದನ್ನು ದಾಟಲು ಬೆರಳೆಣಿಕೆಯ ದಿನ ಉಳಿದಿತ್ತು.

ಮರುದಿನ ಬೆಳಗ್ಗೆ ಮೂಗಿನ ಬತ್ತಿ ಒಣಗಿತ್ತು. ಮಧ್ಯಾಹ್ನ ನರ್ಸ್ ಬೆರಳಿನ ಬ್ಯಾಂಡೇಜ್ ಬಿಚ್ಚಿದಳು. ಗಾಯದ ಬಾಯಿಗೆ ಕಂದುಬಣ್ಣದ ಒಂದು ಗೆರೆ ಕೂತಿತ್ತು, ಸಾಸಿವೆ ಕಾಳುಗಳನ್ನು ಪೋಣಿಸಿದ ಹಾಗೆ. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಅಡ್ಡ, ಉದ್ದ, ಮತ್ತೆ ಅಡ್ಡ. ಸಿಸ್ಟರ್ ನೋಡಿದ್ದರೆ “ನೀಟ್ ವರ್ಕ್” ಎಂದು ಬರೆಯುತ್ತಿದ್ದರು. ಯಾರೂ ಸೂಜಿ ಹಿಡಿಯಲಿಲ್ಲ, ದಾರ ಯಾರ ಮಾತನ್ನೂ ಕೇಳದೆ ತನ್ನ ಪಾಡಿಗೆ ತಾನು ಬಂದು ಹೊಲಿದು ಕೂತಿದೆ. ಹಿಂದಿನ ದಿನ ಅಷ್ಟು ಕೇಳಿಕೊಂಡರೂ ಬಂದಿರಲಿಲ್ಲ.

ಆ ನೆಮ್ಮದಿ ಸಂಜೆಯವರೆಗೂ ಉಳಿಯಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರ್ ಸ್ಟೆತಾಸ್ಕೋಪನ್ನು ಅಕ್ಕನ ಎದೆಯ ಮೇಲೆ ಇಟ್ಟವರು ತೆಗೆಯಲೇ ಇಲ್ಲ. ಸರಿಸಿದರು, ಮತ್ತೆ ಕೇಳಿದರು. ಫ್ಯಾನ್ ಆಫ್ ಮಾಡಿಸಿದರು.

“ಈಸ್ ಇಟ್ ಕ್ಲಿಕಿಂಗ್, ಡಾಕ್ಟರ್?” ಎಂದೆ. ಅಕ್ಕನಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ ಕೇಳಿದೆ.

“ಕ್ಲಿಕ್ ಈಸ್ ದೇರ್. ಎ ಲಿಟ್ಲ್ ಸಾಫ್ಟ್.”

“ಏನಂತೆ?” ಎಂದರು ಅಕ್ಕ. “ಸಾಫ್ಟ್ ಅಂದ್ರೆ ಮೆತ್ತಗೆ ಅಂತ ನಂಗೂ ಗೊತ್ತು. ನಿನ್ನ ಜೊತೆ ಇದ್ದೂ ಇದ್ದೂ ಅಷ್ಟಾದ್ರೂ ಬರಲ್ವಾ?”

ಎಕೋ ಎಂದು ಹೃದಯದ ಸ್ಕ್ಯಾನ್ ಮಾಡಿದರು. ವಾಲ್ವಿನಲ್ಲಿ ಬಾಗಿಲಿನ ಹಾಗೆ ತೆರೆದು ಮುಚ್ಚುವ ಎರಡು ಎಲೆಗಳಲ್ಲಿ ಒಂದು ಪೂರ್ತಿ ತೆರೆಯುತ್ತಿರಲಿಲ್ಲ. ಅದರ ಅಂಚಿನಲ್ಲಿ ಸಣ್ಣದೊಂದು ಹೆಪ್ಪು ಕೂತಿರಬಹುದು ಎಂದರು. ನಿನ್ನೆ ಕುಡಿದದ್ದರಿಂದಲೋ, ಮುಂಚೆಯೇ ಇತ್ತೋ, ಹೇಳಲಾಗುವುದಿಲ್ಲವಂತೆ. ಸರಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಔಷಧಿ, ಹೆಪಾರಿನ್, ಡ್ರಿಪ್ಪಿನಲ್ಲಿ ಶುರುವಾಯಿತು. ನಿನ್ನೆ ಹೆಪ್ಪುಗಟ್ಟಲಿ ಎಂದು ಕುಡಿಸಿದ ಹಾಸಿಗೆಯಲ್ಲೇ ಇವತ್ತು ಹೆಪ್ಪುಗಟ್ಟದಿರಲಿ ಎಂದು ಏರಿಸುತ್ತಿದ್ದರು. ನಾನು ಒಮ್ಮೆ ಡ್ರಿಪ್ಪಿನ ಹನಿ ನೋಡುತ್ತಿದ್ದೆ, ಒಮ್ಮೆ ಹೆಬ್ಬೆರಳಿನ ಕಂದು ಗೆರೆ ನೋಡುತ್ತಿದ್ದೆ. ಎದೆಯಲ್ಲಿರುವುದು ಕರಗಬೇಕು, ಬೆರಳಿನಲ್ಲಿರುವುದು ಉಳಿಯಬೇಕು. ಒಂದೇ ಮೈ, ಒಂದೇ ರಕ್ತ. ಅದಕ್ಕೆ ಯಾರು ವ್ಯತ್ಯಾಸ ಹೇಳಿಕೊಡಬೇಕು?

ಆ ದಿನಗಳಲ್ಲಿ ನಾನು ಮಾಡಿದ ಕೆಲಸ ಎಂದರೆ ಕೇಳಿಸಿಕೊಳ್ಳುವುದೊಂದೇ. ವಿಸಿಟರ್ಸ್ ಎಲ್ಲ ಹೋದ ಮೇಲೆ, ಮಧ್ಯಾಹ್ನ, ವಾರ್ಡ್ ತಣ್ಣಗಾದಾಗ, ಅಕ್ಕನ ದಿಂಬಿನ ಪಕ್ಕ ತಲೆಯಿಟ್ಟು ಕೂರುತ್ತಿದ್ದೆ. ಟಿಕ್. ಒಮ್ಮೊಮ್ಮೆ ಬಟ್ಟೆ ಸುತ್ತಿದ ಹಾಗೆ. ಒಮ್ಮೊಮ್ಮೆ ಮೊದಲಿನ ಹಾಗೇ.

“ಹೇಗಿದೆಯೇ ನನ್ನ ಗಡಿಯಾರ?”

“ಚೆನ್ನಾಗಿದೆ ಅಕ್ಕ.”

“ಕೀ ಕೊಡೋದಿದ್ರೆ ಹೇಳು.”

ಎರಡನೇ ಎಕೋದಲ್ಲಿ ಎಲೆ ಮೊದಲಿಗಿಂತ ಮೇಲು ಎಂದರು. ಪೂರ್ತಿ ಸರಿಹೋಗಿದೆಯೇ ಎಂದರೆ, “ನೋಡೋಣ” ಎಂದರು. ಮತ್ತೆ ಎದೆ ತೆರೆದು ವಾಲ್ವ್ ಬದಲಾಯಿಸುವುದು ಈ ವಯಸ್ಸಿಗೆ ಅಪಾಯವಂತೆ. ಹಳೆಯ ಮಾತ್ರೆಯನ್ನು ಹೊಸ ಅಳತೆಯಲ್ಲಿ ಮತ್ತೆ ಶುರುಮಾಡಿ ಮನೆಗೆ ಕಳಿಸಿದರು. ದಿನವೂ ಸೊಪ್ಪು ತಿನ್ನಬೇಕು, ದಿನವೂ ಒಂದೇ ಅಳತೆ ಎಂದು ಡಾಕ್ಟರ್ ಅಕ್ಕನಿಗೇ ಹೇಳಿದರು. “ವ್ರತದ ಥರಾನೇ ಅಂದ್ಕೊಳ್ಳಿ ಅಮ್ಮ.” ಅಕ್ಕ ಅವರನ್ನು ನೋಡಿ ನಕ್ಕರು.

ಮನೆಗೆ ಬಂದ ದಿನ ಶಾಕವ್ರತ ಇನ್ನೂ ಮುಗಿದಿರಲಿಲ್ಲ. ಸೊಸೆ ದಂಟಿನ ಸೊಪ್ಪಿನ ಪಲ್ಯ ಮಾಡಿ ತಂದಳು. ನಾನು ಅಳತೆಗೆ ಇಟ್ಟುಕೊಂಡ ಸೌಟಿನಿಂದ ಅಕ್ಕನ ತಟ್ಟೆಗೆ ಹಾಕಿದೆ. ಒಂದು ಕಾಲಕ್ಕೆ ಅದರಲ್ಲಿ ಕಾಯಿತುರಿ ಎಷ್ಟು, ಒಗ್ಗರಣೆ ಹತ್ತಿತೋ ಸೀದಿತೋ ಎಂದೆಲ್ಲ ಹೇಳುತ್ತಿದ್ದವರು, ಕಷಾಯ ಕುಡಿಯುವವರ ಹಾಗೆ ಏನೂ ಮಾತಾಡದೆ ತಿಂದು ಮುಗಿಸಿದರು. ಮುಂದಿನ ತಿಂಗಳು ಮೊಸರು ಬಿಡುವ ವ್ರತ. ಅದಕ್ಕೆ ಏನೂ ತೊಂದರೆಯಿಲ್ಲವೆಂದು ನಾನು ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡು ಬಂದು ಉತ್ಸಾಹದಿಂದ ಹೇಳಿದೆ.

“ಬೇಡ ಬಿಡು” ಎಂದರು ಅಕ್ಕ. “ಮೊದಲನೇದೇ ನಿಲ್ಲಲಿಲ್ಲ.”

ನಾನು ಅಳತೆಯ ಸೌಟು ತೊಳೆದಿಡಲು ಎದ್ದೆ.

ಈಗಲೂ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ನಡುಮನೆಯ ಚಾಪೆಯ ಮೇಲೆ ಉರುಳುತ್ತೇವೆ. ನಾನು ಫ್ಯಾನ್ ನಿಲ್ಲಿಸುತ್ತೇನೆ. ಸೆಖೆ ಎಂದು ಅಕ್ಕ ಗೊಣಗುವುದಿಲ್ಲ, ಯಾಕೆಂದು ಅವರಿಗೆ ಗೊತ್ತು. ಹೆಬ್ಬೆರಳಿನ ಹಕ್ಕಳೆ ಉದುರಿ ತೆಳ್ಳಗೆ ಬಿಳಿ ಗೆರೆ ಉಳಿದಿದೆ. ಅದನ್ನು ಇನ್ನೊಂದು ಬೆರಳಿನಿಂದ ಸವರುತ್ತಾ ಮಲಗಿರುತ್ತಾರೆ.

ನಾನು ಅವರ ಪಕ್ಕಕ್ಕೆ ಸರಿದು ಕಿವಿಗೊಡುತ್ತೇನೆ. ಇತ್ತೀಚೆಗೆ ಸದ್ದು ಬಹಳ ಮೆಲ್ಲಗೆ ಬರುತ್ತದೆ. ಅಕ್ಕನ ವಾಲ್ವ್ ಮೆತ್ತಗಾಗುತ್ತಿದೆಯೋ, ನನ್ನ ಕಿವಿಯೇ ಮಂದವಾಗುತ್ತಿದೆಯೋ, ನನಗೆ ತಿಳಿಯುವುದಿಲ್ಲ. ಟಿವಿಯ ವಾಲ್ಯೂಮ್ ಜಾಸ್ತಿ ಇಡುತ್ತೀಯಮ್ಮ ಎಂದು ಮಗ ಹೇಳುತ್ತಲೇ ಇರುತ್ತಾನೆ. ಮುಂದಿನ ಎಕೋ ತಿಂಗಳ ಕೊನೆಗೆ. ಅಲ್ಲಿಯವರೆಗೆ ಈ ಕಿವಿಯೇ ಗತಿ.

“ಕೇಳಿಸ್ತಾ?” ಎನ್ನುತ್ತಾರೆ ಅಕ್ಕ, ಕಣ್ಣು ಮುಚ್ಚಿಕೊಂಡೇ.

ನಿನ್ನೆ ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯವರು ಮಿಕ್ಸಿ ಹಾಕಿದರು. ಅದರ ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಅವರು ನಿಲ್ಲಿಸಲಿ ಎಂದು ಕಾದೆ. ಅವರು ನಿಲ್ಲಿಸಲಿಲ್ಲ. ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ ಹಾಗಿತ್ತು.

“ಕೇಳಿಸ್ತು ಅಕ್ಕ” ಎಂದೆ.